ಇನ್ನೊಬ್ಬರ ಕೈಯಲ್ಲಿ

ಮುಕ್ತಿನಾಥಕ್ಕೆ ಹೋಗಿ ಬಂದೆ ಅಂದರೆ ಜನ ಮೊದಲು ಕೇಳೋದು ದರ್ಶನ ಹೇಗಾಯ್ತು ಅಂತ, ಆಮೇಲೆ ಚಳಿ ಎಷ್ಟಿತ್ತು ಅಂತ, ಕೊನೆಗೆ ಸ್ವಲ್ಪ ದನಿ ತಗ್ಗಿಸಿ ಸಾಲಿಗ್ರಾಮ ತಂದ್ರಾ ಅಂತ. ನೀವು ಮಾತ್ರ ಕಾಂಪೌಂಡಿನ ಆಚೆಯಿಂದ ಬೇರೆಯೇ ಕೇಳಿದಿರಿ. ‘ಬಂದಾಗಿನಿಂದ ನೀವು ಒಂಥರಾ ನಿಧಾನವಾಗಿದ್ದೀರಿ ಕಣ್ರೀ, ಅಡುಗೆಮನೆ ಕಡೆಯಿಂದ ನಿಮ್ಮ ದನಿಯೇ ಕೇಳಿಸ್ತಿಲ್ಲ, ಏನಾಯ್ತು ಅಲ್ಲಿ?’ ಅಂದಿರಿ. ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳೋಕಾಗಲ್ಲ. ಕರಿಬೇವು ಆಮೇಲೆ ಕಿತ್ತುಕೊಳ್ಳುವಿರಂತೆ, ಸ್ವಲ್ಪ ನಿಲ್ಲಿ.

ನಮ್ಮ ಗುಂಪನ್ನು ನೀವು ನೋಡಬೇಕಿತ್ತು. ಶ್ರೀವೈಷ್ಣವರು, ಮಾಧ್ವರು, ಲಿಂಗಾಯತರು, ಒಕ್ಕಲಿಗರು, ನಮ್ಮಂಥ ಸ್ಮಾರ್ತರು, ಎಲ್ಲ ಒಂದೇ ಬಸ್ಸಿನಲ್ಲಿ. ಒಬ್ಬೊಬ್ಬರು ಹೊರಡೋದಕ್ಕೂ ಒಂದೊಂದು ಕಾರಣ. ಶ್ರೀವೈಷ್ಣವರಿಗೆ ಮುಕ್ತಿನಾಥ ಅಂದರೆ ನೂರೆಂಟು ದಿವ್ಯದೇಶಗಳಲ್ಲಿ ಒಂದು. ಆ ನೂರೆಂಟರಲ್ಲಿ ನಮ್ಮ ಕರ್ನಾಟಕದ್ದು ಒಂದೂ ಇಲ್ಲ, ಮೇಲುಕೋಟೆ ಕೂಡ ಆ ಎಣಿಕೆಗೆ ಸೇರಿಲ್ಲ. ಈ ಭೂಮಿ ಮೇಲೆ, ಭಾರತದ ಹೊರಗೆ ಇರೋದು ಇದೊಂದೇ. ಮಾಧ್ವರಿಗೆ ಗಂಡಕಿ ನದಿ ಸಾಲಿಗ್ರಾಮದ ತವರು. ಶಿವಭಕ್ತರಿಗೆ ದಾರಿಯಲ್ಲೇ ಕಠ್ಮಂಡುವಿನ ಪಶುಪತಿನಾಥ ಸಿಗ್ತಾನೆ. ನಮ್ಮ ಕಡೆ ಯಾತ್ರೆ ಗುಂಪುಗಳಲ್ಲಿ ನಡೆದುಬಂದ ಹಾಗೆ ಅಡುಗೆಯವರೂ ಜೊತೆಗೇ ಬಂದಿದ್ದರು. ಸಾರಿನ ಪುಡಿ, ಗೊಜ್ಜವಲಕ್ಕಿ, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲ ಊರಿನಿಂದಲೇ. ಪಾತ್ರೆ, ಒಲೆ ಅಲ್ಲಿ ಬಾಡಿಗೆಗೆ.

ನಮ್ಮನೆಯವರಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ‘ನೀನು ಹೋಗಿ ಬಾ, ನನ್ನ ಹೆಸರಿನಲ್ಲೂ ಒಂದು ಮುಳುಗು ಹಾಕು’ ಅಂದರು. ಮದುವೆಯಾದಂದಿನಿಂದ ಅವರನ್ನು ಬಿಟ್ಟು ನಾನು ತವರಿಗಿಂತ ಆಚೆ ಹೋದವಳಲ್ಲ. ಹೊರಡೋ ಮುಂಚೆ ಸೊಸೆಗೆ ಎಲ್ಲ ಬರೆದುಕೊಟ್ಟೆ. ಅವರ ಮಾತ್ರೆ ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ, ಪೂಜೆಗೆ ತುಳಸಿ ಎಷ್ಟು, ಗಂಧ ಎಷ್ಟು ತೇಯಬೇಕು, ಹಾಲಿನವನ ಲೆಕ್ಕ, ಮೊಮ್ಮಗಳ ಸ್ಕೂಲ್ ವ್ಯಾನು, ಸಂಪಿಗೆ ನೀರು ಬಿಡೋ ದಿನ. ನಮ್ಮತ್ತೆ ಈ ಮನೆಯನ್ನು ನನಗೆ ಒಪ್ಪಿಸಿದ ದಿನದಿಂದ, ದೇವರಮನೆ ಒರೆಸೋದರಿಂದ ಹಿಡಿದು ರಾತ್ರಿ ಗೇಟಿಗೆ ಬೀಗ ಹಾಕೋವರೆಗೆ, ನನ್ನ ಕೈ ತಾಕದೆ ಯಾವ ಕೆಲಸವೂ ನಡೆದಿರಲಿಲ್ಲ. ಅದರಲ್ಲಿ ನನಗೆ ಹೆಮ್ಮೆ ಇತ್ತು, ಈಗಲೂ ಇದೆ. ಒಂದು ಮನೆಯನ್ನು ಅಷ್ಟು ಕಾಲ ಎತ್ತಿ ನಿಲ್ಲಿಸೋದು ಸಣ್ಣ ಕೆಲಸವಲ್ಲ, ಅದನ್ನು ಮಾಡಿದ ಯಾವ ಹೆಂಗಸೂ ತಲೆ ತಗ್ಗಿಸಬೇಕಾಗಿಲ್ಲ.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಓಡುತ್ತೆ. ವಿಮಾನ ಇಳಿದ ಕೂಡಲೇ ಎಲ್ಲರೂ ಮುಳ್ಳು ತಿರುಗಿಸಿಕೊಂಡರು. ನಾನು ಕೈಗಡಿಯಾರವನ್ನು ಮನೆಯ ಹೊತ್ತಿಗೇ ಬಿಟ್ಟುಕೊಂಡೆ. ಈಗ ಅಲ್ಲಿ ಕಾಫಿ ಹೊತ್ತು, ಈಗ ಅವರ ಸಕ್ಕರೆ ಮಾತ್ರೆ ಹೊತ್ತು ಅಂತ ಗೊತ್ತಾಗ್ತಾ ಇರಲಿ ಅಂತ.

ಕಠ್ಮಂಡುವಿನಲ್ಲಿ ಮೊದಲ ಬೆಳಗ್ಗೆಯೇ ಪಶುಪತಿ ದರ್ಶನ. ನಾಲ್ಕು ದಿಕ್ಕಿಗೆ ನಾಲ್ಕು ಬೆಳ್ಳಿ ಬಾಗಿಲು, ಒಳಗೆ ನಾಲ್ಕು ಕಡೆಗೂ ಮುಖವಿರೋ ಲಿಂಗ. ಸಾಲಿನಲ್ಲಿ ತಳ್ಳಾಡಿಕೊಂಡು ಬಾಗಿಲ ಹತ್ತಿರ ಬಂದಾಗ ಒಳಗಿದ್ದ ಭಟ್ಟರು ನಮ್ಮ ಮಾತು ಕಿವಿಗೆ ಬಿದ್ದು ‘ಯಾವ ಊರಿನವರು?’ ಅಂತ ಕನ್ನಡದಲ್ಲೇ ಕೇಳಿದರು. ಗೊತ್ತಿದ್ದ ವಿಷಯವೇ, ಆದರೂ ಆ ಜಾಗದಲ್ಲಿ ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ಪಶುಪತಿನಾಥನನ್ನು ಮುಟ್ಟಿ ಪೂಜಿಸೋ ಅಧಿಕಾರ ಇರೋದು ನಾಲ್ವರು ಭಟ್ಟರಿಗೆ ಮಾತ್ರ. ಅವರು ನಮ್ಮ ಕರ್ನಾಟಕದವರು, ಹೆಚ್ಚಾಗಿ ಕರಾವಳಿ ಕಡೆಯವರು. ಅಪ್ಪನಿಂದ ಮಗನಿಗೆ ಇಳಿದು ಬರೋ ಹುದ್ದೆ ಅದಲ್ಲ, ವೇದ ಓದಿದವರನ್ನು ಆರಿಸಿ ಕರೆಸಿಕೊಳ್ತಾರೆ. ಅವರಿಗೆ ಪೂಜೆಯ ಸಾಮಾನು ಒದಗಿಸೋರು, ಗರ್ಭಗುಡಿ ಗುಡಿಸಿ ಸಾರಿಸೋರು ಅಲ್ಲಿಯವರೇ ಆದ ನೇವಾರ ಜನ, ಭಂಡಾರಿಗಳು ಅಂತ ಕರೀತಾರೆ. ಗರ್ಭಗುಡಿಯೊಳಗೆ ಇಷ್ಟೆಲ್ಲ ಕೆಲಸ ಮಾಡೋ ಅವರೂ ಲಿಂಗವನ್ನು ಮುಟ್ಟೋ ಹಾಗಿಲ್ಲ.

ಯಾಕೆ ಹೀಗೆ ಅಂತ ನಮ್ಮ ಗೈಡನ್ನು ಕೇಳಿದೆ. ರಾಜ ತೀರಿಕೊಂಡರೆ ನೇಪಾಳದ ಪ್ರಜೆಗಳಿಗೆಲ್ಲ ಸೂತಕ, ಆಗ ದೇವರ ಪೂಜೆ ನಿಂತುಹೋಗಬಾರದಲ್ಲ, ಅದಕ್ಕೆ ಸೂತಕ ತಾಕದ ದೂರದವರು ಬೇಕಾಯ್ತು ಅಂತ ಹಿರಿಯರು ಹೇಳ್ತಾರೆ ಅಂದ. ಈಗ ಅಲ್ಲಿ ರಾಜರಿಲ್ಲ, 2008ರಲ್ಲಿ ಗಣರಾಜ್ಯವಾಯ್ತು. ಅದರ ಹಿಂದೆಯೇ, ಮಾವೋವಾದಿಗಳ ಸರ್ಕಾರವಿದ್ದಾಗ, ನಮ್ಮ ಭಟ್ಟರನ್ನು ಬಿಡಿಸಿ ನೇಪಾಳದವರನ್ನೇ ಅರ್ಚಕರನ್ನಾಗಿ ಮಾಡೋಕೆ ಹೊರಟಿದ್ದರು. ಆಗ ವಿರೋಧ ಮಾಡಿ ಬೀದಿಗೆ ಇಳಿದವರು ಯಾರು ಅಂತೀರಿ? ಅಲ್ಲಿನ ಜನರೇ, ಆ ಭಂಡಾರಿಗಳೇ. ವಿಷಯ ಸುಪ್ರೀಂ ಕೋರ್ಟಿಗೂ ಹೋಯ್ತು, ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು. ಹೊಸದಾಗಿ ಬಂದ ಇಬ್ಬರು ಭಟ್ಟರ ಮೇಲೆ ಆಗ ಹಲ್ಲೆಯೂ ಆಯ್ತು ಅನ್ನೋದನ್ನು ಮರೆಯೋ ಹಾಗಿಲ್ಲ. ಆದರೂ ಪೂಜೆ ನಿಲ್ಲಲಿಲ್ಲ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಠ್ಮಂಡುವಿನ ಎಷ್ಟೋ ಗುಡಿಗಳು ನೆಲಕ್ಕೆ ಬಿದ್ದವು, ಈ ಗುಡಿ ನಿಂತಿತು, ಒಳಗೆ ನಮ್ಮೂರ ಕಡೆಯ ಕೈಗಳು ಅಭಿಷೇಕ ಮಾಡ್ತಲೇ ಇದ್ದವು.

ಗುಡಿಯ ಹಿಂದೆಯೇ ಬಾಗಮತಿ ಹೊಳೆ, ಅದರ ದಡದಲ್ಲೇ ಚಿತೆಗಳು. ಅದನ್ನು ನೋಡಿಕೊಂಡು ಸುಮ್ಮನೆ ಕೂತಿದ್ದೆ. ಒಂದು ದೇಶ ತನ್ನ ಮೂಲದೇವರನ್ನು ಸಾವಿರದೈನೂರು ಕಿಲೋಮೀಟರಿಗೂ ಆಚೆಯ ಜನರ ಕೈಗೆ ಕೊಟ್ಟು, ತಾನು ಹೊರಗೆ ನಿಂತು ಕೈಮುಗಿಯುತ್ತೆ ಅಂದರೆ ಅದಕ್ಕೆ ಎಂಥ ಎದೆ ಬೇಕು! ನನ್ನ ಕೈಯ ಗಡಿಯಾರ ನೋಡಿಕೊಂಡೆ. ಮನೆಯಲ್ಲಿ ಅವರು ಮಾತ್ರೆ ತಗೊಳ್ಳೋ ಹೊತ್ತು. ಫೋನ್ ಮಾಡಬೇಕು ಅಂತ ಎದ್ದವಳು ಮತ್ತೆ ಕೂತೆ. ಅವತ್ತು ಮಾಡಲಿಲ್ಲ.

ಕಠ್ಮಂಡು ಆದ ಮೇಲೆ ಪೋಖರಾ, ಅಲ್ಲಿಂದ ಜೋಮ್‌ಸೋಮ್‌ಗೆ ಸಣ್ಣ ವಿಮಾನ, ಇಪ್ಪತ್ತು ನಿಮಿಷದ ಹಾರಾಟ. ಬೆಳಗ್ಗೆಯೇ ಹಾರಬೇಕು, ಬಿಸಿಲೇರಿದ ಮೇಲೆ ಕಾಲಿಗಂಡಕಿಯ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತೆ, ಆಮೇಲೆ ವಿಮಾನವಿಲ್ಲ. ಒಂದು ಕಡೆ ಧವಳಗಿರಿ, ಇನ್ನೊಂದು ಕಡೆ ಅನ್ನಪೂರ್ಣ, ಎರಡೂ ಎಂಟು ಸಾವಿರ ಮೀಟರಿಗಿಂತ ಎತ್ತರದವು. ನಡುವೆ ಆಳದಲ್ಲಿ ಹೊಳೆ. ಆ ಸಂದಿನಲ್ಲೇ ವಿಮಾನ ತೂರಿ ಹೋಗಬೇಕು. ಮೋಡ ಕಟ್ಟಿಕೊಂಡು ನಮ್ಮ ಸರದಿ ಮುಂದಕ್ಕೆ ಹೋಯ್ತು. ವಿಮಾನ ನಿಲ್ದಾಣದ ಕುರ್ಚಿಗಳಲ್ಲಿ ಕೂತು ಕಾದೆವು. ಬೇರೆಯವರು ಇದನ್ನು ಯಾತ್ರೆಯ ಕಷ್ಟ ಅಂತ ಹೇಳಿಯಾರು. ನನಗೆ ಈಗ ನೆನಪಾಗೋದು, ಗುಂಪು ಅಂತ ನಾವು ಒಂದಾದದ್ದೇ ಆ ಕುರ್ಚಿಗಳ ಮೇಲೆ. ಅಲ್ಲೀವರೆಗೆ ಅವರವರ ಚೀಲ ಅವರವರ ಕಾಲ ಹತ್ತಿರ ಇತ್ತು. ಎರಡನೇ ಗಂಟೆಗೆ ಒಬ್ಬರ ತೊಡೆ ಮೇಲೆ ಇನ್ನೊಬ್ಬರ ತಲೆ, ಯಾರ ಸ್ವೆಟರು ಯಾರ ಮೈಮೇಲಿದೆ ಅಂತ ಕೇಳೋರಿಲ್ಲ. ಮಂಡ್ಯ ಕಡೆಯ ಒಬ್ಬ ಅಕ್ಕ, ನನಗಿಂತ ಹಿರಿಯರು, ಕಬ್ಬಿನ ಗದ್ದೆ ಮಾಡಿಸೋರು, ನನ್ನ ಪಕ್ಕ ಕೂತರು. ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಒಂದೇ ರೂಮು.

ಪೋಖರಾ ಸಮುದ್ರಮಟ್ಟದಿಂದ 800 ಮೀಟರಿನ ಆಚೀಚೆ. ಜೋಮ್‌ಸೋಮ್ 2,700ಕ್ಕೂ ಮೇಲೆ. ಮುಕ್ತಿನಾಥ 3,700. ವಿಮಾನದಲ್ಲಿ ಕೂತು ಏಳೋದರೊಳಗೆ ಮೈ ಎರಡು ಕಿಲೋಮೀಟರು ಮೇಲೇರಿಬಿಟ್ಟಿರುತ್ತೆ, ಅದಕ್ಕೆ ಗೊತ್ತಾಗೋದು ಆಮೇಲೆ. ಜೀಪಿನಲ್ಲಿ ರಾಣಿಪೌವಾ ಸೇರೋ ಹೊತ್ತಿಗೆ ನನ್ನ ತಲೆ ಸಿಡೀತಿತ್ತು. ಗುಡಿಯ ಕೆಳಗಿರೋ ಹಳ್ಳಿ ಅದು, ಎಲ್ಲರೂ ತಂಗೋದು ಅಲ್ಲೇ. ಪೋಖರಾದಿಂದ ಹಿಂದಿನ ದಿನವೇ ಸಾಮಾನಿನ ಜೊತೆ ಜೀಪಿನಲ್ಲಿ ಬಂದಿದ್ದ ನಮ್ಮ ಅಡುಗೆಯವರೂ ತಲೆ ಎತ್ತಲಾರದೆ ಮಲಗಿದ್ದರು. ಆ ಎತ್ತರದಲ್ಲಿ ನೀರು 88 ಡಿಗ್ರಿಯ ಹತ್ತಿರಕ್ಕೇ ಕುದಿಯೋಕೆ ಶುರುವಾಗುತ್ತೆ. ಕೊತಕೊತ ಅಂತಿರುತ್ತೆ, ಬೇಳೆ ಮಾತ್ರ ಬೇಯಲ್ಲ. ಕುಕ್ಕರಿಲ್ಲದೆ ಅಲ್ಲಿ ಅಡುಗೆ ಇಲ್ಲ.

ಲಾಡ್ಜ್ ನಡೆಸೋ ಹೆಂಗಸು ಥಕಾಲಿ ಜನ. ಆ ಕಣಿವೆಯ ಥಕಾಲಿಗಳ ಅಡುಗೆ ಅಂದರೆ ನೇಪಾಳದ ತುಂಬ ಹೆಸರು. ಎಲ್ಲರೂ ಅವಳನ್ನು ದೀದಿ ಅಂತ ಕರೀತಿದ್ದರು. ಅವಳೇ ನಮ್ಮೆಲ್ಲರಿಗೂ ಅನ್ನ, ಬೇಳೆ, ಒಣಗಿಸಿದ ಹುಳಿಸೊಪ್ಪಿನ ಗುಂಡ್ರುಕ್, ತುಪ್ಪ ಬಡಿಸಿದಳು. ನನ್ನ ಮುಖ ನೋಡಿ ಏನನ್ನಿಸಿತೋ, ಫಾಪರ್ ಅಂತ ಅಲ್ಲಿ ಬೆಳೆಯೋ ಧಾನ್ಯದ ಹಿಟ್ಟನ್ನು ಬಿಸಿನೀರಿಗೆ ಹಾಕಿ ಕೋಲಿನಲ್ಲಿ ತಿರುವಿ ಢಿಂಡೊ ಮಾಡಿ ತಂದಳು. ನೋಡಿದ ಕೂಡಲೇ ಮಂಡ್ಯದ ಅಕ್ಕ ‘ಅಯ್ಯೋ, ನಮ್ಮ ಮುದ್ದೆ!’ ಅಂದರು. ಉಂಡೆ ಕಟ್ಟೋದಿಲ್ಲ ಅನ್ನೋದು ಬಿಟ್ಟರೆ ಮುದ್ದೆಯೇ. ಅದೇ ಕೋಲು, ಅದೇ ತಿರುವು. ಚಟ್ನಿಗೆ ತಿಮೂರ್ ಅನ್ನೋ ಕಾಳು ಹಾಕಿದ್ದಳು, ನಾಲಿಗೆ ಜುಮ್ಮೆನ್ನಿಸುತ್ತೆ. ಕುಂದಾಪುರದ ಕಡೆಯವರೊಬ್ಬರು ಇದು ನಮ್ಮ ಜುಮ್ಮನಕಾಯಿಯ ಜಾತಿಯದ್ದೇ ಅಂದರು, ಹೌದು, ಎರಡೂ ಹತ್ತಿರದ ಬಂಧುಗಳು.

ಹೊರಗಿನ ಊಟ ನಾನು ಉಣ್ಣೋದು ಕಡಿಮೆ, ಅದು ನಿಮಗೆ ಗೊತ್ತು. ಅವತ್ತು ಆ ದೀದಿಯ ಕೈಯ ಊಟ ಉಂಡೆ. ಉಣ್ಣಬೇಕಾಯ್ತು ಅಂತಲ್ಲ, ಉಣ್ಣಬೇಕು ಅನ್ನಿಸಿತು. ಅವಳು ಎದುರಿಗೇ ನಿಂತು, ನಾನು ಎರಡು ತುತ್ತು ನುಂಗಿದ್ದನ್ನು ನೋಡಿ, ಆಮೇಲೆ ಹೋದಳು. ಎಷ್ಟು ಜನರಿಗೆ ನಾನು ಹಾಗೆ ಬಡಿಸಿ ನಿಂತು ನೋಡಿದ್ದೇನೆ! ಬಡಿಸಿಕೊಂಡು ಕೂತ ಜಾಗದಿಂದ ಅದು ಹೇಗೆ ಕಾಣುತ್ತೆ ಅಂತ ಅವತ್ತೇ ಕಂಡದ್ದು.

ಬೆಳಗ್ಗೆ ಎದ್ದಾಗ ತಲೆನೋವು ಇಳಿದಿತ್ತು, ಬೆರಳು ಮಾತ್ರ ಮರಗಟ್ಟಿದ್ದವು. ಬಾಚಣಿಗೆ ಹಿಡಿಯೋಕೂ ಆಗಲಿಲ್ಲ. ಅಕ್ಕ ಏನೂ ಕೇಳದೆ ಹಿಂದೆ ಬಂದು ಕೂತು, ಸಿಕ್ಕು ಬಿಡಿಸಿ, ಬಿಗಿಯಾಗಿ ಜಡೆ ಹೆಣೆದು, ಕಾಲಿಗೆ ಕಾಲುಚೀಲ ಏರಿಸಿದರು. ನಮ್ಮಮ್ಮ ಹೋದ ಮೇಲೆ ನನ್ನ ತಲೆಗೂದಲನ್ನು ಇನ್ನೊಬ್ಬರು ಹೆಣೆದದ್ದಿಲ್ಲ. ಕಣ್ಣಲ್ಲಿ ನೀರು ಬಂತು, ಅಕ್ಕ ನೋಡಿಯೂ ನೋಡದ ಹಾಗಿದ್ದರು. ಯಾತ್ರೆಯಲ್ಲಿ ನನಗೆ ಏನಾಯ್ತು ಅಂತ ಕೇಳಿದಿರಲ್ಲ, ನನಗೆ ಗೊತ್ತಿರೋ ಮಟ್ಟಿಗೆ ಅದು ಆದದ್ದು ಗುಡಿಯಲ್ಲಲ್ಲ, ಆ ಮಂಚದ ಮೇಲೆ. ಅವತ್ತೇ ಗಡಿಯಾರದ ಮುಳ್ಳನ್ನೂ ತಿರುಗಿಸಿದೆ.

ಗುಡಿಯ ಹಿಂಭಾಗದಲ್ಲಿ ಅರ್ಧ ವರ್ತುಲವಾಗಿ ಕಟ್ಟಿದ ಗೋಡೆ, ಅದರಲ್ಲಿ ನೂರೆಂಟು ಗೋಮುಖಗಳು, ಎಲ್ಲದರಿಂದಲೂ ಹಿಮದ ನೀರು ಸುರೀತಾ ಇರುತ್ತೆ. ಒಂದೊಂದಕ್ಕೂ ತಲೆ ಕೊಟ್ಟು ಸಾಗಬೇಕು. ಗುಡಿಯ ಮುಂದೆ ಎರಡು ಕುಂಡ, ಅದರಲ್ಲೂ ಮುಳುಗಬೇಕು. ಬರೀ ಕೇಳಿದಾಗ ಸುಲಭ ಅನ್ನಿಸುತ್ತೆ. ನಾಲ್ಕನೆಯ ಧಾರೆಗೆ ಉಸಿರು ಹಿಡಿದು ನಿಂತುಹೋಯ್ತು. ಆಗ ಹಿಂದಿನವರು ಬೆನ್ನಿಗೆ ಕೈ ಇಟ್ಟರು, ನಾನು ಮುಂದಿನವರ ಭುಜ ಹಿಡಿದೆ. ಹೀಗೆ ಸರಪಳಿಯಾಗಿಯೇ ಓಡಿದೆವು, ನಾರಾಯಣ ನಾರಾಯಣ ಅಂತ ಕೂಗಿಕೊಂಡು. ಸರಪಳಿಯಲ್ಲಿ ಯಾರ ಹಿಂದೆ ಯಾರು, ಯಾವ ಜಾತಿ, ಯಾರು ಯಾವ ಹುದ್ದೆಯಲ್ಲಿದ್ದವರು, ಅಲ್ಲಿ ನೋಡೋರಿಲ್ಲ. ನಮ್ಮನೆಯವರ ಹೆಸರು ಹೇಳಿ ಕುಂಡದಲ್ಲಿ ಮತ್ತೊಂದು ಮುಳುಗು ಹಾಕೋಕೆ ನನಗೆ ಕಾಲು ಬರಲಿಲ್ಲ. ಅಕ್ಕ ಕೇಳಿದರು, ‘ಯಾರ ಹೆಸರಲ್ಲಿ, ಹೇಳವ್ವ’ ಅಂತ. ಹೇಳಿದೆ. ಅವರೇ ಮುಳುಗಿದರು. ನಾನು ಊರಿಗೆ ಬಂದು ನಮ್ಮನೆಯವರಿಗೆ ಇದನ್ನು ಹೇಳಿದಾಗ ಇವರು ಎದ್ದು ನಿಂತು ಉತ್ತರ ದಿಕ್ಕಿಗೆ ಕೈಮುಗಿದರು. ಯಾವುದಕ್ಕೆ ಅಂತ ನಾನು ಕೇಳಲಿಲ್ಲ.

ಒಳಗೆ ಶ್ರೀದೇವಿ ಭೂದೇವಿಯರ ನಡುವೆ ನಾರಾಯಣ. ಅಲ್ಲಿ ಹಿಂದೂ ಅರ್ಚಕರೂ ಇರ್ತಾರೆ, ಆದರೆ ಆ ಜಾಗವನ್ನು ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡು ಬಂದೋರು ಬೌದ್ಧ ಸನ್ಯಾಸಿನಿಯರು. ಆನಿ ಅಂತ ಕರೀತಾರೆ. ತಲೆ ಬೋಳಿಸಿಕೊಂಡ, ಕೆಂಪು ವಸ್ತ್ರದ, ಮಾತು ಕಡಿಮೆಯ ಹೆಂಗಸರು. ನಮಗೆ ನಾರಾಯಣನಾಗಿ ಕಾಣೋ ಅದೇ ಮೂರ್ತಿ ಅವರಿಗೆ ಚೆನ್ರೆಜಿಗ್, ಅಂದರೆ ಅವಲೋಕಿತೇಶ್ವರ. ಅವರ ಭಾಷೆಯಲ್ಲಿ ಊರಿನ ಹೆಸರೂ ಬೇರೆ, ಛುಮಿಗ್ ಗ್ಯಾತ್ಸಾ. ಪದ್ಮಸಂಭವ ಗುರುಗಳು ಟಿಬೆಟಿಗೆ ಹೋಗೋ ದಾರಿಯಲ್ಲಿ ಇಲ್ಲಿ ತಪಸ್ಸು ಮಾಡಿದರು ಅಂತ ಅವರ ನಂಬಿಕೆ. ಯಾರು ಯಾರನ್ನೂ ‘ಇದು ನಮ್ಮದು’ ಅಂತ ತಡೆದದ್ದನ್ನು ನಾನು ನೋಡಲಿಲ್ಲ. ನಮ್ಮ ಶ್ರೀವೈಷ್ಣವ ದಂಪತಿ ಕಣ್ಣೀರು ಹಾಕಿಕೊಂಡು ತಮಿಳು ಪಾಶುರ ಹೇಳ್ತಿದ್ದರು, ವಯಸ್ಸಾದ ಆನಿ ಪಕ್ಕದಲ್ಲೇ ಜಪಮಣಿ ಎಣಿಸ್ತಾ ಅವರು ಮುಗಿಸೋವರೆಗೂ ಕಾದು, ಆಮೇಲೆ ಅವರ ಬೊಗಸೆಗೆ ತೀರ್ಥ ಕೊಟ್ಟರು.

ಸ್ವಲ್ಪ ದೂರದಲ್ಲಿ ಜ್ವಾಲಾಮಾಯಿಯ ಗುಡಿ. ಪೀಠದ ಕೆಳಗೆ ಪರದೆ, ಅದನ್ನು ಸರಿಸಿ ಬಗ್ಗಿ ನೋಡಿದರೆ ಬಂಡೆಯ ಸೀಳಿನಲ್ಲಿ ಸಣ್ಣ ನೀಲಿ ಉರಿ, ಅದರ ಪಕ್ಕದಲ್ಲೇ ನೀರು ಹರಿಯೋ ಸದ್ದು. ನೆಲದೊಳಗಿಂದ ಬರೋ ಅನಿಲ ಉರಿಯೋದು ಅದು. ನೀರೂ ಬೆಂಕಿಯೂ ಒಂದೇ ಕಡೆ ಇರೋದರಿಂದ ಎರಡೂ ಧರ್ಮದವರಿಗೆ ಪವಿತ್ರ. ಅದನ್ನು ಕಾಯೋರೂ ಆನಿಗಳೇ. ನಮ್ಮ ಜನ ಆಳ್ವಾರರ ಕಾಲದಿಂದ ಹಾಡಿಕೊಂಡು ಬಂದ ಕ್ಷೇತ್ರ, ಆದರೆ ನಾವು ಅಲ್ಲಿಗೆ ಹೋಗೋದು ವರ್ಷಕ್ಕೆ ಕೆಲವು ತಿಂಗಳು, ಅದೂ ಹೋದ ಕೂಡಲೇ ಇಳಿದುಬರೋಕೆ. ಹಿಮ ಬಿದ್ದು ದಾರಿ ಮುಚ್ಚಿದಾಗಲೂ ಅಲ್ಲಿ ಉಳಿಯೋರು, ದೀಪಕ್ಕೆ ತುಪ್ಪ ಹಾಕೋರು ಆ ಹೆಂಗಸರು. ಕಠ್ಮಂಡುವಿನಲ್ಲಿ ಅವರ ದೇವರು ನಮ್ಮವರ ಕೈಯಲ್ಲಿ, ಇಲ್ಲಿ ನಮ್ಮ ದೇವರು ಅವರ ಕೈಯಲ್ಲಿ. ಇದನ್ನು ನಾನು ಹೊಸದಾಗಿ ಕಂಡುಹಿಡಿದೆ ಅಂತಲ್ಲ, ಆದರೆ ನಡೆಯಲಾರದೆ ಇನ್ನೊಬ್ಬರ ತೋಳು ಹಿಡಿದು ನಿಂತವಳಿಗೆ ಅದು ಬೇರೆಯೇ ಥರ ನಾಟುತ್ತೆ.

ಈಗ ಹೆಲಿಕಾಪ್ಟರಿನಲ್ಲಿ ಹೋಗಿ, ದರ್ಶನ ಮಾಡಿ, ಅದೇ ದಿನ ಇಳಿದುಬರೋ ವ್ಯವಸ್ಥೆ ಇದೆ. ಕೈಲಾಗದವರಿಗೆ ಅದು ದೊಡ್ಡ ಉಪಕಾರ, ನಾನು ಅದರ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೆ ಕಾಲು ಗಟ್ಟಿಯಿದ್ದವರು ಹಾಗೆ ಮಾಡಬಾರದು ಅಂತ ನನ್ನ ಖಂಡಿತವಾದ ಅಭಿಪ್ರಾಯ. ದೇವರನ್ನು ನೋಡೋಕೆ ಅಷ್ಟು ಹೊತ್ತು ಸಾಕು, ಜೊತೆಗೆ ಬಂದವರನ್ನು ನೋಡೋಕೆ ಸಾಲದು.

ಇಳಿಯುವಾಗ ಕಾಗ್‌ಬೇನಿಯಲ್ಲಿ ನಿಂತೆವು. ಗುಲಾಬಿ ಬಣ್ಣದ ಫಾಪರ್ ಹೊಲಗಳು, ಅದರಾಚೆ ಬೋಳು ಬೆಟ್ಟ. ಮೇಲಿನಿಂದ ಬರೋ ಹೊಳೆ ಕಾಲಿಗಂಡಕಿಗೆ ಸೇರೋ ಜಾಗ, ಹಿರಿಯರಿಗೆ ಪಿಂಡ ಹಾಕ್ತಾರೆ. ಗುಂಪಿನ ಗಂಡಸರು ಅದರಲ್ಲಿದ್ದರು. ನಾನು ಹೊಳೆಯ ಪಾತ್ರಕ್ಕೆ ಇಳಿದೆ. ಕಪ್ಪು ಮರಳು, ಕಪ್ಪು ಕಲ್ಲು. ಒಬ್ಬ ಹೆಂಗಸು ಬೋಗುಣಿಯಲ್ಲಿ ನೀರು ಇಟ್ಟುಕೊಂಡು ಸಾಲಿಗ್ರಾಮಗಳನ್ನು ಬ್ರಷ್ಷಿನಲ್ಲಿ ತಿಕ್ಕಿ ತೊಳೆದು ಸಾಲಾಗಿ ಇಡ್ತಿದ್ದಳು. ನಮ್ಮ ನೂರು ರೂಪಾಯಿಗೆ ಅವರ ನೂರರವತ್ತು, ಲೆಕ್ಕ ಅವಳಿಗೆ ಬಾಯಲ್ಲೇ ಇತ್ತು. ಹೋಗಿ ಕೂತೆ. ಒಂದು ಕಲ್ಲನ್ನು ಎತ್ತಿ ನನ್ನ ಅಂಗೈಗೇ ಇಟ್ಟಳು.

ನಮ್ಮ ಮನೆಯಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟೋದಿಲ್ಲ. ಮಾವನವರ ಕಾಲದಿಂದ ನಾನು ಅದಕ್ಕೆ ನೀರು ತಂದಿದ್ದೇನೆ, ಗಂಧ ತೇದಿದ್ದೇನೆ, ತುಳಸಿ ಬಿಡಿಸಿದ್ದೇನೆ, ನೈವೇದ್ಯ ಇಟ್ಟಿದ್ದೇನೆ, ಕೈಯಲ್ಲಿ ಹಿಡಿದಿಲ್ಲ. ಆ ನಡವಳಿಕೆಯ ಮೇಲೆ ನನಗೆ ಜಗಳವೇನಿಲ್ಲ. ಆದರೆ ಆ ಹೊಳೆಯ ದಂಡೆಯಲ್ಲಿ ಅಂಗೈ ಮೇಲೆ ಅದರ ಭಾರ ಕಂಡಾಗ ಒಂದು ವಿಷಯ ತಲೆಗೆ ಬಂತು. ನಮ್ಮ ದೇವರ ಪೆಟ್ಟಿಗೆಗೆ ಬಂದ ಸಾಲಿಗ್ರಾಮವನ್ನೂ ಯಾವತ್ತೋ ಈ ನೀರಿನಿಂದ ಎತ್ತಿದವರಿದ್ದಾರೆ. ಗಂಡಸೋ ಹೆಂಗಸೋ ಮಗುವೋ, ಯಾವ ಜನವೋ. ಅವರು ತೊಳೆದು ಕೊಟ್ಟದ್ದನ್ನು ಇನ್ಯಾರೋ ಹೊತ್ತು ತಂದು, ಕೈಯಿಂದ ಕೈಗೆ ದಾಟಿ, ನಮ್ಮ ಮಾವನ ಅಜ್ಜನ ಹತ್ತಿರ ಬಂತು. ಭೂಮಿ ಓದಿದವರು ಹೇಳ್ತಾರೆ, ಇವು ಅಮೋನೈಟ್ ಅನ್ನೋ ಕಡಲಜೀವಿಯ ಅಚ್ಚುಗಳು, ಹಿಮಾಲಯ ಏಳೋ ಮುಂಚೆ ಅಲ್ಲಿ ಟೆಥಿಸ್ ಸಮುದ್ರ ಇತ್ತು, ಹದಿನೈದು ಕೋಟಿ ವರ್ಷದ ಆಚೀಚಿನ ಮಾತು ಅಂತ. ಪುರಾಣದಲ್ಲಿ ವಜ್ರಕೀಟ ಕಲ್ಲನ್ನು ಕೊರೆದು ಚಕ್ರ ಬರೀತು ಅಂತ ಇದೆ. ಎರಡರಲ್ಲೂ ಒಂದು ಸಣ್ಣ ಜೀವದ ಕೆಲಸವೇ ನಮಗೆ ವಿಷ್ಣುವಿನ ಚಕ್ರವಾಗಿ ಕಾಣೋದು. ನನ್ನ ಭಕ್ತಿಗೆ ಎರಡೂ ಹಿಡಿಸಿದವು.

ಸಾಲಿಗ್ರಾಮ ಮನೆಗೆ ತಂದರೆ ದಿನವೂ ಪೂಜೆ ಆಗಬೇಕು, ಇರೋದಕ್ಕೇ ಇವರು ಮಂಡಿ ನೋವಿನಲ್ಲಿ ಕೂರೋದು ಕಷ್ಟವಾಗಿದೆ. ಅವಳಿಗೆ ಅವಳ ಹಣ ಕೊಟ್ಟು, ಕಲ್ಲನ್ನು ಹೊಳೆಗೇ ಬಿಟ್ಟೆ. ಅವಳು ನಕ್ಕು ಏನೋ ಅಂದಳು. ನಾಳೆ ಮತ್ತೆ ಎತ್ತಿಕೊಳ್ತಾಳೆ ಅನ್ನಿ, ಎತ್ತಿಕೊಳ್ಳಲಿ, ಅವಳ ಹೊಳೆ.

ಮನೆಗೆ ಬಂದಾಗ ನಾನು ಬರೆದುಕೊಟ್ಟ ಪಟ್ಟಿ ಫ್ರಿಜ್ಜಿನ ಮೇಲೆ ಹಾಗೇ ಅಂಟಿತ್ತು. ಸೊಸೆ ಅದನ್ನು ನೋಡಿಕೊಂಡೇ ಮಾಡಿದ್ದಳು, ಕೆಲವು ಕಡೆ ಪೆನ್ಸಿಲಿನಲ್ಲಿ ತಿದ್ದಿದ್ದಳು. ಇವರ ಒಂದು ಮಾತ್ರೆಯ ಹೊತ್ತನ್ನು ಡಾಕ್ಟರನ್ನು ಕೇಳಿ ರಾತ್ರಿಗೆ ಹಾಕಿದ್ದಳು, ಅದರಿಂದ ಇವರಿಗೆ ಬೆಳಗಿನ ತಲೆಸುತ್ತು ನಿಂತಿತ್ತು. ಪೂಜೆಗೆ ನೆಲದ ಮೇಲೆ ಕೂರೋ ಬದಲು, ಪೀಠವನ್ನು ಎತ್ತರಿಸಿ, ಎದುರಿಗೆ ಕುರ್ಚಿ ಹಾಕಿಕೊಟ್ಟಿದ್ದಳು. ಅಷ್ಟು ವರ್ಷದಿಂದ ಮಂಡಿ ಒತ್ತಿಕೊಂಡು ಏಳ್ತಿದ್ದ ಮನುಷ್ಯ ಈಗ ನಿಧಾನವಾಗಿ, ಮಂತ್ರ ನುಂಗದೆ, ಪೂರ್ತಿ ಪೂಜೆ ಮಾಡ್ತಾರೆ. ನೋಡ್ತಾ ನಿಂತೆ. ಬಂದ ದಿನ ಪಟ್ಟಿ ತೆಗೆದುಹಾಕೋಕೆ ಹೋದವಳನ್ನು ನಾನೇ ತಡೆದೆ, ಇರಲಿ, ನಿನ್ನ ಪೆನ್ಸಿಲಿನದ್ದು ಇದೆಯಲ್ಲ ಅಂತ.

ಆಮೇಲೆ ಅಡುಗೆಮನೆ ಬೆಳಗ್ಗೆ ಅವಳದ್ದು, ಸಂಜೆ ನನ್ನದು ಅಂತ ಆಗಿದೆ. ಅವಳ ಸಾರು ಬೇರೆ, ನನ್ನದು ಬೇರೆ. ಅವಳದ್ದಕ್ಕೆ ಮೆಂತ್ಯ ಸ್ವಲ್ಪ ಮುಂದು, ಅದು ಅವಳ ತವರಿನ ರುಚಿ, ದಾವಣಗೆರೆ ಕಡೆಯದ್ದು. ಬಡಿಸಿಕೊಂಡು ಉಣ್ಣುವಾಗ ನನಗೆ ಆ ಥಕಾಲಿ ದೀದಿ ಎದುರಿಗೆ ನಿಂತದ್ದು ನೆನಪಾಗುತ್ತೆ, ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳ್ತೇನೆ. ಇದನ್ನು ನಮ್ಮ ನಾದಿನಿ ವೈರಾಗ್ಯ ಅಂದಳು, ಅತ್ತಿಗೆಗೆ ಯಾತ್ರೆಯಿಂದ ಸಂಸಾರದ ಮೇಲೆ ಆಸೆ ಹೋಯ್ತು ಅಂತ. ಅದನ್ನು ನಾನು ಒಪ್ಪೋದಿಲ್ಲ. ನನಗೆ ಈ ಮನೆ ಮೇಲೆ ಮುಂಚಿಗಿಂತ ಹೆಚ್ಚು ಆಸೆ. ನಾನಿಲ್ಲದೆಯೂ ನಡೀತು ಅಂತ ಕಂಡಾಗ ನೋವಾಗಬಹುದು ಅಂದುಕೊಂಡಿದ್ದೆ, ಆದದ್ದು ಸಂತೋಷ. ಭಾನುವಾರ ಮೊಮ್ಮಗಳು ನನ್ನ ಜಡೆ ಹೆಣೀತಾಳೆ. ವಕ್ರವಾಗಿರುತ್ತೆ, ಹಾಗೇ ಬಿಟ್ಟುಕೊಂಡು ಗುಡಿಗೂ ಹೋಗ್ತೇನೆ.

ನಿಮ್ಮ ಅತ್ತೆಯವರು ಬೇಸಿಗೆಯ ಗುಂಪಿನಲ್ಲಿ ಹೊರಡ್ತೀನಿ ಅಂತಿದ್ದಾರೆ, ನಿಮಗೆ ಭಯ ಅಂತಲೂ ಗೊತ್ತು. ಕಳಿಸಿಕೊಡಿ. ಮಾರ್ಚಿನಿಂದ ಮೇ ಒಳಗೆ, ಇಲ್ಲವೇ ದಸರಾ ಕಳೆದ ಮೇಲೆ ಹೋಗಲಿ, ಮಳೆಗಾಲ ಬೇಡ, ಬೆಟ್ಟ ಜರಿದು ದಾರಿ ಕಟ್ಟುತ್ತೆ. ಮುಂಚೆಯೇ ಡಾಕ್ಟರಿಗೆ ತೋರಿಸಿ, ಎತ್ತರಕ್ಕೆ ಹೋಗ್ತಿದ್ದೇವೆ ಅಂತ ಬಿಡಿಸಿ ಹೇಳಿ, ಬಿಪಿ ಮಾತ್ರೆ ಅವರು ಹೇಳಿದ ಹಾಗೇ. ಜೋಮ್‌ಸೋಮ್‌ನಲ್ಲೋ ಕಾಗ್‌ಬೇನಿಯಲ್ಲೋ ಒಂದು ರಾತ್ರಿ ತಂಗಿ ಮೇಲಕ್ಕೆ ಹೋಗೋ ಗುಂಪನ್ನೇ ಹುಡುಕಿ, ಒಂದೇ ಸಲ ಏರಿಸೋರ ಜೊತೆ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ನಡೆಯುತ್ತೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಹೆಚ್ಚಿಗೆ ಇಡಿ, ಒಂದು ಜೊತೆ ಯಾರಿಗಾದರೂ ಬೇಕಾಗುತ್ತೆ. ಹೆಚ್ಚು ದುಡ್ಡು ಕೊಟ್ಟರೆ ಒಂಟಿ ರೂಮು ಕೊಡ್ತಾರೆ, ಅದನ್ನು ಮಾತ್ರ ತಗೋಬೇಡಿ, ಇಬ್ಬರು ಮೂವರು ಇರೋ ರೂಮಿಗೇ ಹೆಸರು ಬರೆಸಿ. ಮಂಡ್ಯದ ಅಕ್ಕ ಮುಂದಿನ ವಾರ ನಮ್ಮನೆಗೆ ಬರ್ತಾರೆ, ಅವರೂ ಮತ್ತೆ ಹೋಗೋ ಯೋಚನೆಯಲ್ಲಿದ್ದಾರೆ. ಅತ್ತೆಯವರನ್ನು ಕರ್ಕೊಂಡು ಬನ್ನಿ, ಇಬ್ಬರೂ ಒಬ್ಬರನ್ನೊಬ್ಬರು ನೋಡಲಿ. ಊಟಕ್ಕೇ ಬನ್ನಿ. ಅಡುಗೆ ಏನು ಅಂತ ನನಗೆ ಗೊತ್ತಿಲ್ಲ, ಅದು ಸೊಸೆ ತೀರ್ಮಾನ ಮಾಡ್ತಾಳೆ.